ಹತ್ತು ವರ್ಷ, ಹತ್ತು ಆಲ್ಬಂ, ಆಮೇಲೆ ನಮಸ್ಕಾರ

ಹತ್ತು ವರ್ಷ. ಹತ್ತು ಆಲ್ಬಂ. ಹತ್ತು ಸಿಂಗಲ್. ಅಷ್ಟಾದ ಮೇಲೆ ಅಂಗಡಿ ಬಂದ್.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ ವಾಟರ್ ಆರ್ಟನ್ ಅನ್ನೋ ಹಳ್ಳಿಯ ಹುಡುಗನೊಬ್ಬ ತನ್ನ ಬ್ಯಾಂಡಿಗೆ ಹಾಕಿಕೊಂಡ ಲೆಕ್ಕ ಇದು. ಬ್ಯಾಂಡಿನ ಹೆಸರು ಫೆಲ್ಟ್. ಹುಡುಗನ ಹೆಸರು ಲಾರೆನ್ಸ್. ಮನೆತನದ ಹೆಸರು ಒಂದಿದೆ, ಆದರೆ ಅವನು ಬಳಸಲ್ಲ. ಎಲ್ಲ ಕಡೆ ಬರೀ ಲಾರೆನ್ಸ್.

ನೀವು ಈ ಬ್ಯಾಂಡಿನ ಹೆಸರು ಕೇಳಿಲ್ಲ ಅಂದ್ರೆ ಆಶ್ಚರ್ಯ ಇಲ್ಲ. ಇಂಗ್ಲೆಂಡಿನಲ್ಲೇ ತುಂಬಾ ಜನ ಕೇಳಿಲ್ಲ. ನಾನು ಇವರ ಹತ್ತಿರ ಹೋಗಿದ್ದು ಬೆಲ್ ಅಂಡ್ ಸೆಬಾಸ್ಟಿಯನ್ ಅನ್ನೋ ಸ್ಕಾಟ್ಲೆಂಡಿನ ಬ್ಯಾಂಡಿನ ಬಾಲ ಹಿಡಿದು. ಅದರ ಹಾಡುಗಾರ ಸ್ಟುವರ್ಟ್ ಮರ್ಡಾಕ್ ಫೆಲ್ಟ್‌ನ ದೊಡ್ಡ ಅಭಿಮಾನಿ. ಹಾಡಿಗಿಂತ ಮೊದಲು ನನ್ನನ್ನು ಹಿಡಿದಿದ್ದು ಆ ಹತ್ತರ ಲೆಕ್ಕ. ದಿನಾ ಡೆಡ್‌ಲೈನ್ ನೋಡೋರಿಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತೆ.

ಇಂಡಿ ಅಂದ್ರೆ ಇಂಡಿಪೆಂಡೆಂಟ್. ಎಪ್ಪತ್ತರ ದಶಕದ ಕೊನೆಗೆ ಪಂಕ್ ಸಂಗೀತದ ಅಲೆ ಬಂದಾಗ, ಬ್ರಿಟನ್ನಿನಲ್ಲಿ ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣಸಣ್ಣ ರೆಕಾರ್ಡ್ ಕಂಪನಿಗಳು ಹುಟ್ಟಿಕೊಂಡವು. ಒಂದು ಕೋಣೆ, ಒಂದು ಫೋನು, ಮಾಲು ಹಂಚೋಕೆ ಒಂದಿಷ್ಟು ಅಂಗಡಿಗಳು, ಅಷ್ಟೇ ಬಂಡವಾಳ. 1980ರಿಂದ ಇವುಗಳಿಗೇ ಅಂತ ಬೇರೆ ಚಾರ್ಟ್ ಕೂಡ ಬಂತು. ಲಾರೆನ್ಸ್ 1979ರಲ್ಲಿ ಮೊದಲ ಸಿಂಗಲ್ 'ಇಂಡೆಕ್ಸ್' ಹೊರತಂದಾಗ ಅವನ ಹತ್ತಿರ ಅಷ್ಟೂ ಇರಲಿಲ್ಲ. ಒಬ್ಬನೇ ಮನೆಯಲ್ಲಿ ಕೂತು, ಗಿಟಾರ್ ಗೀಚಿ, ರೆಕಾರ್ಡ್ ಮಾಡಿ, ತಾನೇ ಡಿಸ್ಕ್ ಮಾಡಿಸಿದ. ವಯಸ್ಸು ಹದಿನೆಂಟು.

ಆಮೇಲೆ ಅದೇ ಊರಿನ ಮೊರಿಸ್ ಡೀಬ್ಯಾಂಕ್ ಜೊತೆಯಾದ. ಅವನು ಕ್ಲಾಸಿಕಲ್ ಗಿಟಾರ್ ಕಲಿತವನು. ಲಾರೆನ್ಸ್ ಹಾಡೋದು ಅಂದ್ರೆ ಅರ್ಧ ಮಾತು, ಅರ್ಧ ಗೊಣಗು. ಅದರ ಸುತ್ತ ಡೀಬ್ಯಾಂಕ್‌ನ ಗಿಟಾರ್ ತಂತಿಗಳು ಮಳೆ ಹನಿಯಂತೆ ಒಂದೊಂದಾಗಿ ಬೀಳುತ್ತವೆ. ಡ್ರಮ್ಮರ್ ಗ್ಯಾರಿ ಐಂಜ್‌ಗೆ ಇನ್ನೊಂದು ಕಟ್ಟಪ್ಪಣೆ: ಸಿಂಬಲ್ ಮುಟ್ಟಬಾರದು. ರಾಕ್ ಬ್ಯಾಂಡ್ ಅಂದ್ರೆ 'ಝಣ್' ಅನ್ನೋ ಹಿತ್ತಾಳೆ ತಟ್ಟೆ ಇರಲೇಬೇಕು ಅಂತಿದ್ದ ಕಾಲದಲ್ಲಿ ಅದೂ ಇಲ್ಲ. 1982ರ ಮೊದಲ ಆಲ್ಬಂ 'ಕ್ರಂಬ್ಲಿಂಗ್ ದಿ ಆಂಟಿಸೆಪ್ಟಿಕ್ ಬ್ಯೂಟಿ'ಯಲ್ಲಿ ಇರೋದು ಆರೇ ಟ್ರ್ಯಾಕ್. ಚೆರ್ರಿ ರೆಡ್ ಅನ್ನೋ ಸಣ್ಣ ಕಂಪನಿ ಅದನ್ನು ಹೊರತಂದಿತು.

ಆಗ ಬ್ರಿಟನ್ನಿನ ಹೊಸ ಬ್ಯಾಂಡುಗಳಿಗೆ ದೊಡ್ಡ ಬಾಗಿಲು ಅಂದ್ರೆ ಬಿಬಿಸಿ ರೇಡಿಯೋ 1ರ ಜಾನ್ ಪೀಲ್. ರಾತ್ರಿ ಅವರ ಕಾರ್ಯಕ್ರಮಕ್ಕೆ ಕರೆದು ನಾಲ್ಕು ಹಾಡು ರೆಕಾರ್ಡ್ ಮಾಡಿಸಿದರೆ ದೇಶಕ್ಕೆಲ್ಲ ಗೊತ್ತಾಗುತ್ತಿತ್ತು. ಫೆಲ್ಟ್‌ಗೆ ಆ ಬಾಗಿಲು ತೆರೆಯಲೇ ಇಲ್ಲ.

ಆದರೂ 1985ರಲ್ಲಿ ಒಂದು ಅವಕಾಶ ಬಂತು. 'ಪ್ರಿಮಿಟಿವ್ ಪೇಂಟರ್ಸ್' ಅನ್ನೋ ಹಾಡು. ಕಾಕ್ಟೋ ಟ್ವಿನ್ಸ್ ಬ್ಯಾಂಡಿನ ರಾಬಿನ್ ಗತ್ರೀ ಪ್ರೊಡ್ಯೂಸರ್, ಅದೇ ಬ್ಯಾಂಡಿನ ಎಲಿಜಬೆತ್ ಫ್ರೇಸರ್ ಜೊತೆದನಿ. ಲಾರೆನ್ಸ್ ಕೆಳಗೆ ಗೊಣಗುತ್ತಿದ್ದರೆ ಅವರ ದನಿ ಮೇಲೆ ಎಲ್ಲೋ ಹಾರಿಹೋಗುತ್ತೆ. ಇಂಡಿ ಚಾರ್ಟ್‌ನಲ್ಲಿ ನಂಬರ್ ಒನ್ ಆಯಿತು.

ಈಗ ಬೇರೆ ಯಾರಾದರೂ ಏನು ಮಾಡ್ತಿದ್ರು? ಅಂಥದ್ದೇ ಇನ್ನೊಂದು ಹಾಡು ಬಿಡ್ತಿದ್ರು. ಆದರೆ ಅಷ್ಟೊತ್ತಿಗೆ ಡೀಬ್ಯಾಂಕ್ ಬ್ಯಾಂಡ್ ಬಿಟ್ಟು ಹೋಗಿದ್ದ. ಲಾರೆನ್ಸ್ ಅಲನ್ ಮಗೀಯ ಕ್ರಿಯೇಷನ್ ಕಂಪನಿಗೆ ಬಂದ. ಮುಂದೆ ಒಯಾಸಿಸ್ ಬ್ಯಾಂಡನ್ನು ಜಗತ್ತಿಗೆ ಕೊಟ್ಟ ಕಂಪನಿ ಅದು. ಅಲ್ಲಿ ಲಾರೆನ್ಸ್ ಕೊಟ್ಟ ಮೊದಲ ಆಲ್ಬಂ ಇಪ್ಪತ್ತು ನಿಮಿಷವೂ ಇಲ್ಲ, ಅದರಲ್ಲಿ ಒಂದೇ ಒಂದು ಸಾಲು ಹಾಡೂ ಇಲ್ಲ. ಬರೀ ವಾದ್ಯಗಳ ಸಣ್ಣಸಣ್ಣ ತುಣುಕು. ಹೆಸರು ಮಾತ್ರ ಒಂದು ಮಾರುದ್ದ: 'ಲೆಟ್ ದಿ ಸ್ನೇಕ್ಸ್ ಕ್ರಿಂಕಲ್ ದೇರ್ ಹೆಡ್ಸ್ ಟು ಡೆತ್'.

ಮೊದಲ ಸಲ ಇದನ್ನು ಓದಿದಾಗ ಇದೆಂಥ ಹುಚ್ಚು ಅನ್ನಿಸಿತು. ಆಮೇಲೆ ಹತ್ತೂ ಆಲ್ಬಂಗಳನ್ನು ವರುಷದ ಸಾಲಿನಲ್ಲೇ ಕೇಳುತ್ತಾ ಹೋದೆ. ಆಫೀಸ್ ಕ್ಯಾಬ್‌ನಲ್ಲಿ ಹೋಗುವಾಗ, ಬರುವಾಗ. ಹತ್ತೇ ಸಲ ಅವಕಾಶ ಅಂದಾಗ ಯಾರಿಗಾದರೂ ಜಿಪುಣತನ ಬರಬೇಕು. ಇವನಿಗೆ ಧಾರಾಳತನ ಬಂತು. ಎಷ್ಟೇ ಆದರೂ ಇನ್ನೂ ನಾಲ್ಕು ಉಳಿದಿದೆಯಲ್ಲ, ಈ ಸಲ ಹೀಗೆ ಮಾಡಿ ನೋಡೋಣ ಅನ್ನೋ ಧೈರ್ಯ. 1988ರ 'ಟ್ರೈನ್ ಅಬವ್ ದಿ ಸಿಟಿ' ಆಲ್ಬಂನಲ್ಲಂತೂ ಲಾರೆನ್ಸ್ ಹಾಡಿಲ್ಲ, ಗಿಟಾರ್ ಮುಟ್ಟಿಲ್ಲ. ಟ್ರ್ಯಾಕ್‌ಗಳಿಗೆ ಹೆಸರಿಟ್ಟಿದ್ದಷ್ಟೇ ಅವನ ಕೆಲಸ. ಸಂಗೀತ ಪೂರ್ತಿ ಐಂಜ್ ಮತ್ತು ಮಾರ್ಟಿನ್ ಡಫಿಯದ್ದು.

ಈ ಡಫಿಯ ಬಗ್ಗೆ ಹೇಳಲೇಬೇಕು. ಹದಿನಾರನೇ ವಯಸ್ಸಿಗೆ ಕೀಬೋರ್ಡ್ ನುಡಿಸಲು ಬಂದ ಹುಡುಗ. ಡೀಬ್ಯಾಂಕ್ ಹೋದ ಮೇಲೆ ಫೆಲ್ಟ್‌ನ ನಾದವೇ ಅವನ ಬೆರಳಲ್ಲಿತ್ತು. 1986ರ 'ಫಾರೆವರ್ ಬ್ರೀದ್ಸ್ ದಿ ಲೋನ್ಲಿ ವರ್ಡ್' ಕೇಳಿ. ಎಂಟೇ ಹಾಡು, ಎಲ್ಲದರಲ್ಲೂ ಆರ್ಗನ್ ಎದ್ದು ಕಾಣುತ್ತೆ. ಮುಂದೆ ಡಫಿ ಪ್ರೈಮಲ್ ಸ್ಕ್ರೀಮ್ ಬ್ಯಾಂಡ್ ಸೇರಿ ದೊಡ್ಡ ವೇದಿಕೆಗಳನ್ನು ಕಂಡ. 2022ರ ಡಿಸೆಂಬರ್‌ನಲ್ಲಿ ತೀರಿಕೊಂಡ.

1989ರಲ್ಲಿ ಹತ್ತನೇ ಆಲ್ಬಂ 'ಮಿ ಅಂಡ್ ಎ ಮಂಕಿ ಆನ್ ದಿ ಮೂನ್' ಬಂತು. ಬ್ಯಾಂಡ್ ಮುಗಿಯಿತು. ಲಾರೆನ್ಸ್‌ಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

'ಮುಗಿಯಿತು' ಅನ್ನೋ ಪದವನ್ನು ಬೇಕಂತಲೇ ಬಳಸಿದೆ. ಯಾಕಂದ್ರೆ ಹೆಚ್ಚಿನ ಬ್ಯಾಂಡುಗಳು ಮುಗಿಯಲ್ಲ, ನಿಂತುಹೋಗುತ್ತವೆ. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಬ್ಯಾಂಡೂ ಹಾಗೇ. ಒಬ್ಬ ಪುಣೆಗೆ ಹೋದ, ಒಬ್ಬ ಎಂಎಸ್‌ಗೆ ಹೋದ, ಡ್ರಮ್ಮರ್‌ಗೆ ಮದುವೆ ಆಯ್ತು. ಕೊನೆಯ ಶೋ ನುಡಿಸುವಾಗ ಅದೇ ಕೊನೆಯದು ಅಂತ ಯಾರಿಗೂ ಗೊತ್ತಿರಲಿಲ್ಲ. ವಾಟ್ಸಾಪ್ ಗ್ರೂಪ್ ಈಗಲೂ ಇದೆ, ಬರ್ತ್‌ಡೇ ವಿಶ್ ಮಾಡೋಕೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಜೀವನ ಇರೋದೇ ಹಾಗೆ. ಆದರೆ ಒಬ್ಬ ಹುಡುಗ ಸುಮ್ಮನೆ ನಿಂತುಹೋಗೋಕೆ ಬಿಡದೆ ಮುಗಿಸಿಯೇ ಎದ್ದ ಅನ್ನೋದು ಅದಕ್ಕೇ ನನಗೆ ದೊಡ್ಡದಾಗಿ ಕಾಣುತ್ತೆ.

ಇಲ್ಲಿಗೆ ಕತೆ ನಿಲ್ಲಿಸಿದರೆ ಒಳ್ಳೆ ಮೋಟಿವೇಷನಲ್ ಪೋಸ್ಟ್ ಆಗುತ್ತೆ. ಆದರೆ ನಿಜ ಅಷ್ಟು ಸಲೀಸಾಗಿಲ್ಲ. ಲಾರೆನ್ಸ್‌ಗೆ ಬೇಕಾಗಿದ್ದು ಹತ್ತು ಆಲ್ಬಂ ಮಾತ್ರ ಅಲ್ಲ, ಅವನಿಗೆ ಸ್ಟಾರ್ ಆಗಬೇಕಿತ್ತು. ಅದನ್ನು ಅವನು ಯಾವತ್ತೂ ಮುಚ್ಚಿಟ್ಟಿಲ್ಲ. ಅದಕ್ಕೇ ಡೆನಿಮ್ ಅನ್ನೋ ಹೊಸ ಬ್ಯಾಂಡ್ ಕಟ್ಟಿ 1992ರಲ್ಲಿ 'ಬ್ಯಾಕ್ ಇನ್ ಡೆನಿಮ್' ತಂದ. 1997ರಲ್ಲಿ ದೊಡ್ಡ ಕಂಪನಿ ಇಎಂಐ ಬೆನ್ನಿಗಿತ್ತು. 'ಸಮ್ಮರ್ ಸ್ಮ್ಯಾಶ್' ಅನ್ನೋ ಸಿಂಗಲ್ ಹಿಟ್ ಆಗೋ ಲಕ್ಷಣ ಇತ್ತು. ಅಷ್ಟರಲ್ಲಿ ಆಗಸ್ಟ್ 31ರಂದು ಪ್ಯಾರಿಸ್‌ನಲ್ಲಿ ಕಾರ್ ಅಪಘಾತ, ಡಯಾನಾ ಸಾವು. ಆ ಶೋಕದಲ್ಲಿ 'ಸ್ಮ್ಯಾಶ್' ಅನ್ನೋ ಹೆಸರಿನ ಹಾಡನ್ನು ಬಿಡೋಕೆ ಆಗುತ್ತಾ? ಕಂಪನಿ ವಾಪಸ್ ತಗೊಂಡಿತು.

ಮುಂದಿನ ವರುಷಗಳು ಇನ್ನೂ ಕಷ್ಟದವು. ದುಡ್ಡಿಲ್ಲ, ಚಟ, ಇದ್ದ ಮನೆಯೂ ಕೈಬಿಟ್ಟಿತು. ಪಾಲ್ ಕೆಲ್ಲಿಯ 'ಲಾರೆನ್ಸ್ ಆಫ್ ಬೆಲ್‌ಗ್ರೇವಿಯಾ' ಡಾಕ್ಯುಮೆಂಟರಿಯಲ್ಲಿ ಇದೆಲ್ಲ ಇದೆ. ಎಷ್ಟು ಆಲ್ಬಂ ಮಾಡಬೇಕು ಅನ್ನೋದು ಅವನ ಕೈಯಲ್ಲಿತ್ತು, ಅದನ್ನು ಮಾಡಿದ. ಎಷ್ಟು ಜನ ಕೇಳಬೇಕು ಅನ್ನೋದು ಅವನ ಕೈಯಲ್ಲಿರಲಿಲ್ಲ, ಅದು ಆಗಲಿಲ್ಲ. ಹತ್ತು ವರುಷದ ಪ್ಲ್ಯಾನ್ ನೂರಕ್ಕೆ ನೂರು ಪಾಸಾದರೂ, ಬೇಕಾದ್ದು ಸಿಗದೇ ಇರಬಹುದು.

ಮುಗಿಸಿದ್ದನ್ನು ಪೂರ್ತಿ ಬಿಟ್ಟುಕೊಡೋಕೂ ಅವನಿಗೆ ಆಗಲಿಲ್ಲ. 2018ರಲ್ಲಿ ಚೆರ್ರಿ ರೆಡ್ ಹತ್ತೂ ಆಲ್ಬಂಗಳನ್ನು ಮತ್ತೆ ಹೊರತಂದಾಗ ಆ ಹಾವುಗಳ ಆಲ್ಬಂ ಹೆಸರನ್ನೇ ಬದಲಿಸಿ 'ದಿ ಸೆವೆಂಟೀಂತ್ ಸೆಂಚುರಿ' ಅಂತ ಮಾಡಿದ. ರಿಲೀಸ್ ಆಗಿ ಮೂವತ್ತೆರಡು ವರುಷ ಆದ ಮೇಲೆ ಒಂದು ಬಗ್ ಫಿಕ್ಸ್! ನಮ್ಮ ಟೀಮ್‌ನಲ್ಲಿ ಯಾರೂ ಅಷ್ಟು ಹಳೇ ಕೋಡ್ ಮುಟ್ಟೋಕೆ ಒಪ್ಪಲ್ಲ.

ಲಾರೆನ್ಸ್ ಈಗಲೂ ಹಾಡು ಕಟ್ಟುತ್ತಿದ್ದಾನೆ, ಮೊಜಾರ್ಟ್ ಎಸ್ಟೇಟ್ ಅನ್ನೋ ಹೆಸರಿನಲ್ಲಿ. 2023ರಲ್ಲೂ ಒಂದು ಆಲ್ಬಂ ಬಂತು. ಸ್ಟಾರ್ ಆಗಿಲ್ಲ, ಆದರೆ ಫೆಲ್ಟ್‌ನ ಹತ್ತು ಆಲ್ಬಂಗಳು ನಿಮ್ಮ ಫೋನಿನಲ್ಲೇ ಸಿಗುತ್ತವೆ.

ಎಲ್ಲಿಂದ ಶುರು ಮಾಡೋದು ಅಂತ ಕೇಳಿದರೆ, ಮೊದಲು 'ಪ್ರಿಮಿಟಿವ್ ಪೇಂಟರ್ಸ್'. ಹೆಚ್ಚೂ ಕಡಿಮೆ ಆರು ನಿಮಿಷ, ಒಂದು ಸಿಗ್ನಲ್ ದಾಟೋ ಹೊತ್ತು. ಹಿಡಿಸಿದರೆ 'ಫಾರೆವರ್ ಬ್ರೀದ್ಸ್' ಪೂರ್ತಿ ಕೇಳಿ. ಅದೂ ಹಿಡಿಸಿತು ಅಂದ್ರೆ ಒಂದರಿಂದ ಹತ್ತರವರೆಗೆ ಸಾಲಾಗಿ ಕೇಳಿ. ಹನ್ನೊಂದನೆಯದು ಹುಡುಕಬೇಡಿ, ಇಲ್ಲ.