ಸುಮ್ನೆ ಒಂದು ಟೆಸ್ಟು

ಹೊಸೂರಿನ ಸುತ್ತಮುತ್ತ ಮೂರು ಕಾಲಿನ ಸ್ಟ್ಯಾಂಡು ಹೆಗಲಿಗೇರಿಸಿಕೊಂಡು ಬದುವಿನ ಮೇಲೆ ನಡೆಯುವವನನ್ನು ಫೋಟೊಗ್ರಾಫರ್ ಎಂದು ಯಾರೂ ನಂಬುವುದಿಲ್ಲ. ಅವನು ಸರ್ವೇಯವನು, ಅಷ್ಟೆ. ಎಪ್ಪತ್ತರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದಾಗಿನಿಂದ ಈ ಸೀಮೆಯಲ್ಲಿ ಸ್ಟ್ಯಾಂಡು ನೆಟ್ಟ ಕಡೆಯೆಲ್ಲ ಹಿಂದೆಯೇ ಒಂದು ಕಾಂಪೌಂಡು ಎದ್ದಿದೆ, ಜನ ಅನುಭವಸ್ಥರು. ಕೆಲಮಂಗಲದ ಕಡೆ ರಾಗಿ ತೆನೆಯ ಮೇಲಿನ ಇಬ್ಬನಿಗೆ ಫೋಕಸ್ ಮಾಡುತ್ತಾ ಬಗ್ಗಿದ್ದರೆ ಹೊಲದ ಯಜಮಾನರು ಹಿಂದೆ ಬಂದು ನಿಂತು ಮೊದಲು ತಮಿಳಿನಲ್ಲಿ ಕೆಮ್ಮುತ್ತಾರೆ. ನಾನು ಕನ್ನಡದವನೆಂದು ತಿಳಿದ ಮೇಲೆ ಧ್ವನಿ ಸ್ವಲ್ಪ ಸಡಿಲ.

"ಯಾವ ಆಫೀಸು ಸಾರ್? ರೋಡು ಈ ಪಕ್ಕ ಬತ್ತದೋ, ಆ ಪಕ್ಕ ಬತ್ತದೋ?"

"ರೋಡಲ್ಲ ಯಜಮಾನ್ರೇ, ಇಬ್ಬನಿ."

"ಇಬ್ಬನೀನ ಯಾಕ್ ಸಾರ್ ಅಳೀತೀರಾ?"

ಇಂಥ ಪ್ರಶ್ನೆಗೆ ನಾನು ಇಟ್ಟುಕೊಂಡಿರುವ ಉತ್ತರ ಒಂದೇ: "ಸುಮ್ನೆ ಒಂದು ಟೆಸ್ಟು." ಅದರಿಂದ ಅವರ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ನಾನು ಬಂದು ಹೋದ ಮೇಲೆ ಆ ಕಡೆ ಎಕರೆಗೆ ರೇಟು ಏರಿದ್ದೂ ಉಂಟಂತೆ. ಕಮಿಷನ್ ಮಾತ್ರ ಯಾರೂ ಕೊಟ್ಟಿಲ್ಲ.

ನಾನು ಕ್ಯಾಮೆರಾ ಹಿಡಿದದ್ದು ರೀಲಿನ ಕಾಲದಲ್ಲಿ. ಊಟಿಯಲ್ಲಿ ಸರ್ಕಾರದ್ದೇ ಒಂದು ಫಿಲ್ಮ್ ಕಾರ್ಖಾನೆಯಿತ್ತು, 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್. ಅವರ 'ಇಂದು' ರೀಲಿನಲ್ಲಿ 36 ಚಿತ್ರ. ಅದರಲ್ಲಿ ಒಂದು ಮದುವೆ, ಒಂದು ನಾಮಕರಣ, ಊರ ಬೆಟ್ಟದ ಚಂದ್ರಚೂಡೇಶ್ವರನ ತೇರು ಎಲ್ಲ ಮುಗಿಯಬೇಕು. ಚೌಕಟ್ಟಿನೊಳಗೆ ಮೇಕೆ ನುಗ್ಗಿದರೆ ಓಡಿಸಿ ಆಮೇಲೆ ಕ್ಲಿಕ್. ಬಾವಿ, ಹಟ್ಟಿ, ಬಸ್ ಸ್ಟ್ಯಾಂಡು, ಹುಣಸೆ ಮರಕ್ಕೆಲ್ಲ ರೀಲು ಸುಡುವವನನ್ನು ನಿಮ್ಹಾನ್ಸಿಗೆ ತೋರಿಸಿ ಎನ್ನುತ್ತಿದ್ದರು. ಬೆಂಗಳೂರು ಬರೀ 40 ಕಿಲೋಮೀಟರ್, ಬಸ್ಸೂ ಬೇಕಾದಷ್ಟು. ಹಾಗಾಗಿ ನಮ್ಮ ಆಲ್ಬಮ್ಮಿನಲ್ಲಿ ಚಿಕ್ಕಪ್ಪ ದೊಡ್ಡಪ್ಪಂದಿರೆಲ್ಲ ಸಾಲಾಗಿ ನಿಂತಿದ್ದಾರೆ, ಅವರ ಹಿಂದಿದ್ದ ಮನೆ ಎಲ್ಲೂ ಪೂರ್ತಿ ಕಾಣುವುದಿಲ್ಲ. ಮನೆಯನ್ನು ಮುಚ್ಚುವುದಕ್ಕೇ ಅವರನ್ನು ನಿಲ್ಲಿಸಿದಂತಿದೆ.

ಡಿಜಿಟಲ್ ಬಂದಿದ್ದೇ ಈ ಜಿಪುಣತನ ತೊಲಗಿತು. ಒತ್ತಿದರೆ ಖರ್ಚಿಲ್ಲ! ಬೋರೆಗೌಡನ ಕೈಗೆ ಬಂದೂಕು ಸಿಕ್ಕಿದಂತೆ ಎಂದು ಮನೆಯಲ್ಲಿ ಹೇಳಿದರು. ಬೋರೆಗೌಡ ಯಾರೆಂದು ನಾನು ಕೇಳಲಿಲ್ಲ.

ಹೊಸೂರಿನಲ್ಲಿದ್ದು ಗುಲಾಬಿ ತೆಗೆಯದಿದ್ದರೆ ಹೇಗೆ? ಫೆಬ್ರವರಿ 14ಕ್ಕೆ ಎಲ್ಲೆಲ್ಲಿಯ ಪ್ರೇಮಿಗಳಿಗೋ ಇಲ್ಲಿಂದ ಹೂವು ಹೋಗುತ್ತದೆ. ಬಾಗಲೂರು ರಸ್ತೆಯ ಪರಿಚಯದವರ ಪಾಲಿಹೌಸಿಗೆ ಹೋದೆ, ಕೆಂಪು ಸಮುದ್ರ ಕಾಣುತ್ತದೆಂದು. ಕಂಡದ್ದು ಬರೀ ಹಸಿರು. ಕಟಾವೆಲ್ಲ ಮೊಗ್ಗಿನಲ್ಲೇ. ಪ್ರತಿ ಮೊಗ್ಗಿಗೂ ಬಿಳಿ ಬಲೆಯ ಟೋಪಿ ಹಾಕಿ, ಅರಳಬೇಡ, ದಪ್ಪವಾಗು ಎಂದು ಕೂರಿಸಿದ್ದರು. ಕೊನೆಗೆ ಒಂದು ತಾಜ್ ಮಹಲ್ ತಳಿಯ ಹೂವು ಟೋಪಿ ಕಿತ್ತುಕೊಂಡು ಪೂರ್ತಿ ಅರಳಿದ್ದು ಕಣ್ಣಿಗೆ ಬಿತ್ತು. ಬೆಳಕಂತೂ ಸೊಗಸು, ಪ್ಲಾಸ್ಟಿಕ್ ಸೂರಿನಿಂದ ಸೋಸಿ ಬರುವ ಬೆಳಕಿಗೆ ನೆರಳೇ ಇಲ್ಲ. ಕ್ಲಿಕ್ಕಿಸಿ ನೋಡಿದರೆ ಎಸಳೇ ಇಲ್ಲ, ಕುಂಕುಮದ ಭರಣಿ ಮಗುಚಿದ ಹಾಗೆ ಒಂದು ಕೆಂಪು ಕಲೆ.

ಇದರ ಮರ್ಮ ಆಮೇಲೆ ಓದಿ ತಿಳಿದೆ. ಸೆನ್ಸರಿನ ಒಂದೊಂದು ಚುಕ್ಕಿಗೂ ಒಂದೊಂದೇ ಬಣ್ಣದ ಕನ್ನಡಕ. ನಾಲ್ಕು ಚುಕ್ಕಿಯಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಮನುಷ್ಯನ ಕಣ್ಣಿಗೆ ಹಸಿರಿನ ಮೇಲೆ ಮಮತೆ ಹೆಚ್ಚು, ಅದಕ್ಕೇ ಹಸಿರಿಗೆ ಎರಡು ಪಾಲು. ಕಡುಗೆಂಪು ಎದುರಿಗೆ ಬಂದಾಗ ಕೆಂಪು ಚುಕ್ಕಿಗಳು ತುಂಬಿ ತುಳುಕುತ್ತಿದ್ದರೂ ಹಸಿರು, ನೀಲಿಯವು ಆರಾಮಾಗಿ ಕೂತಿರುತ್ತವೆ. ಒಟ್ಟು ಲೆಕ್ಕ ನೋಡುವ ಕ್ಯಾಮೆರಾಕ್ಕೆ ಎಲ್ಲ ಸರಿಯಾಗಿರುವಂತೆಯೇ ಕಾಣುತ್ತದೆ. ಬೆಳಕನ್ನು ಒಂದು ಸ್ಟಾಪ್ ತಗ್ಗಿಸಿದೆ. ಒಂದೊಂದೇ ಮಡಿಕೆ ಎದ್ದುಬಂತು. ಒಳ ಎಸಳಿನ ಅಂಚಿನಲ್ಲಿ ಕಪ್ಪಿಗೆ ತಿರುಗಿದ ಸಣ್ಣ ಗೆರೆ, ಅದರ ಮೇಲೊಂದು ಥ್ರಿಪ್ಸ್ ಹುಳ.

ಅಲ್ಲಿ ಹೂವು ಕತ್ತರಿಸುತ್ತಿದ್ದ ಹೆಂಗಸಿಗೆ ನನ್ನ ಮೇಲೆ ಕನಿಕರ ಬಂತು. "ನಿಧಾನಕ್ಕೆ ತೆಗೀರಿ ಸಾರ್. ಅರಳ್ಬಿಟ್ಟದೆ, ಅದು ರಿಜೆಕ್ಟು."

ಕಲೆ ಎಂದುಕೊಂಡು ತೆಗೆದ ಬೇರೆ ಚಿತ್ರಗಳ ಕಥೆ ಬೇಗ ಹೇಳಿಬಿಡಬಹುದು. ಕೆಲವರಪಳ್ಳಿ ಅಣೆಕಟ್ಟಿನಲ್ಲಿ ದಕ್ಷಿಣ ಪಿನಾಕಿನಿಯ ನೊರೆ ತೆಗೆದೆ. ನಂದಿಬೆಟ್ಟದಲ್ಲಿ ಹುಟ್ಟಿದ ಹೊಳೆ ಬೆಂಗಳೂರಿನ ಕೊಳಚೆ, ಸೋಪು ಎಲ್ಲ ಕೂಡಿಸಿಕೊಂಡು ಇಲ್ಲಿ ಬಂದು ಆಳೆತ್ತರ ನೊರೆ ಕಾರುತ್ತದೆ. ಮುಂಜಾನೆ ಬೆಳಕಲ್ಲಿ ತೆಗೆದದ್ದನ್ನು ನೋಡಿದ ಬೀಗರು, "ಕಾಶ್ಮೀರಕ್ಕೆ ಯಾವಾಗ ಹೋಗಿದ್ರಿ, ಹೇಳಲೇ ಇಲ್ಲ" ಎಂದು ಮುನಿಸಿಕೊಂಡರು. ಹಕ್ಕಿಗಳ ತಂಟೆಗೆ ಹೋಗಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರಂತೆ ಪೊದೆಯಲ್ಲಿ ಕೂರುವ ತಾಳ್ಮೆ ನನ್ನ ಮಂಡಿಗಳಿಗಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ಮಾತ್ರ ದಕ್ಕಿತು. ಊಟಿ, ಕೊಯಮತ್ತೂರಿನವರಿಗೆ ಬಳೆಯಂಥ ಸೂರ್ಯ, ನಮಗೆ ಕುಡುಗೋಲು. ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದಾಗ ಬೀದಿಯ ಹೊಂಗೆ ಮರದ ಅಡಿಯಲ್ಲಿ ಎಲೆಗಳ ಸಂದುಸಂದಿನಿಂದ ಸಾವಿರಾರು ಪುಟ್ಟ ಸೂರ್ಯಗಳು ಕುಡುಗೋಲಿನ ಆಕಾರದಲ್ಲಿ ಸಿಮೆಂಟಿನ ಮೇಲೆ ಬಿದ್ದಿದ್ದವು. ಪ್ರತಿ ಸಂದೂ ಒಂದು ಸೂಜಿರಂಧ್ರದ ಕ್ಯಾಮೆರಾ; ನನ್ನದಕ್ಕೆ ಅವತ್ತು ಕೆಲಸವೇ ಇರಲಿಲ್ಲ.

ಆದರೆ ಇವನ್ನೆಲ್ಲ ಈಗ ಯಾರೂ ಕೇಳುವುದಿಲ್ಲ. ಕೇಳುವುದೆಲ್ಲ ಟೆಸ್ಟ್ ಫೋಟೊಗಳನ್ನು. ಹೊಸ ಲೆನ್ಸು ತಂದಾಗ, ಬಣ್ಣ ಹೊಂದಿಸುವಾಗ, ಎದುರಿಗೆ ಕಂಡದ್ದಕ್ಕೆ ಗುರಿಯಿಟ್ಟು ಒತ್ತಿದವು. "ಫ್ಲೈಓವರಿಗೆ ಮುಂಚೆ ನಮ್ಮ ಟೀ ಅಂಗಡಿ ಇತ್ತಲ್ಲ, ಇದೆಯಾ?" "ಆ ಹುಣಸೆ ಮರದ ಕಟ್ಟೆ?" ಇದೆ. ಎಲ್ಲ ಇದೆ. ಹುಣಸೆ ಮರ ಲೆನ್ಸಿನ ಮೂಲೆ ಎಷ್ಟು ಚೂಪು ಎಂದು ನೋಡಲು ತೆಗೆದದ್ದು, ಹಾಗಾಗಿ ಕೊಂಬೆಗಳೆಲ್ಲ ಸೊಟ್ಟ.

ಈ ರಾಶಿಯಲ್ಲಿ ಅತಿ ಹೆಚ್ಚು ಇರುವುದು ನನ್ನ ಹೆಂಡತಿ, ಕೈಯಲ್ಲೊಂದು ಬಿಳಿ ಕಾಗದ ಹಿಡಿದು. ಟ್ಯೂಬ್‌ಲೈಟಿಗೆ ಒಂದು ಬಣ್ಣ, ಬಲ್ಬಿಗೊಂದು, ಮೋಡಕ್ಕೊಂದು; ಬಿಳಿ ಯಾವುದೆಂದು ತೋರಿಸಿಕೊಟ್ಟರೆ ಉಳಿದ ಬಣ್ಣಗಳು ತಾವೇ ಸರಿಯಾಗುತ್ತವೆ. ಮೊದಲ ಸಲ ಇದನ್ನು ವಿವರಿಸಿದಾಗ ಅವಳು ಕೇಳಿದ್ದು: "ಬಿಳಿ ಯಾವ್ದು ಅಂತಾನೂ ಗೊತ್ತಿಲ್ದಿರೋದಕ್ಕೆ ಅಷ್ಟೊಂದು ದುಡ್ಡು ಕೊಟ್ರಾ?"

ಈ ವಿಷಯದಲ್ಲಿ ನನಗೆ ದೊಡ್ಡ ಪರಂಪರೆಯಿದೆ. 1975ರಲ್ಲಿ ಕೊಡಕ್‌ನ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದಾಗ, ಪ್ರಯೋಗಾಲಯದ ಸಹಾಯಕಿಯೊಬ್ಬರನ್ನು ಎದುರಿಗೆ ನಿಲ್ಲಿಸಿ ತೆಗೆದದ್ದೂ ಟೆಸ್ಟ್ ಫೋಟೊವೇ. ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡ್ ಹಿಡಿಯಿತು. ಕೂದಲು ಗೊತ್ತಾಗುತ್ತಿತ್ತು, ಮುಖ ಕಲಸಿಹೋಗಿತ್ತು. ಇನ್ನೂ ಕೆಲಸ ಬಾಕಿಯಿದೆ ಎಂದು ಆಕೆ ಹೇಳಿ ಹೋದರಂತೆ. ನಮ್ಮವಳು ಒಲೆಯ ಮೇಲೆ ಹಾಲಿದೆ ಎನ್ನುತ್ತಿದ್ದಳು.

ಚಿತ್ರಗಳ ದಿನಾಂಕ ನಂಬುವಂತಿಲ್ಲ. ಒಳಗಿನ ಸಣ್ಣ ಬ್ಯಾಟರಿ ಸತ್ತಾಗಲೆಲ್ಲ ನನ್ನ ಹಳೆಯ ಕ್ಯಾಮೆರಾ 2000ದ ಜನವರಿ 1ಕ್ಕೆ ಮರಳುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಅವಳ ಬೆನ್ನ ಹಿಂದೆ ನೋಡಿಯೇ ಹೇಳಬೇಕು. ಮಹಡಿಯ ಮೇಲೆ ನಿಂತಿದ್ದಾಳೆ. ಹಿಂದೆ ಚಂದ್ರಚೂಡೇಶ್ವರನ ಬೆಟ್ಟ ಬುಡದಿಂದ ತುದಿಯವರೆಗೆ. ಇನ್ನೊಂದರಲ್ಲಿ ಬೆಟ್ಟಕ್ಕೆ ಅಡ್ಡವಾಗಿ ಕಂಬಿಗಳು ಎದ್ದಿವೆ, ಅವಳ ಕನ್ನಡಕ ಹೊಸದು. ಆಮೇಲೆ ಗೋಪುರದ ತುದಿಯಷ್ಟೇ. ಆಮೇಲೆ ಪಕ್ಕದ ಅಪಾರ್ಟ್‌ಮೆಂಟಿನ ಕರಿ ನೀರಿನ ಟ್ಯಾಂಕು, ಒಣಹಾಕಿದ ನೀಲಿ ಬೆಡ್‌ಶೀಟು, ಅವಳ ಬೈತಲೆಯಲ್ಲಿ ಕಾಗದದ ಬಣ್ಣ.

ನನ್ನ ಅರವತ್ತರ ಶಾಂತಿಗೆ ಹಾಲ್‌ನ ಬಾಗಿಲಿಗೆ ಫ್ಲೆಕ್ಸ್ ಹಾಕಿಸಬೇಕೆಂದು ಮಗಳು ಹಟ ಹಿಡಿದಳು. "ಅಪ್ಪಾ, ಅಮ್ಮಂದು ಕಾಗದ ಇಲ್ದಿರೋದು ಒಂದೂ ಇಲ್ವಾ?" ಹಾರ್ಡ್ ಡಿಸ್ಕೆಲ್ಲ ಜಾಲಾಡಿದಳು. ಎಲ್ಲದರಲ್ಲೂ ಠಾಣೆಯಲ್ಲಿ ಸ್ಲೇಟು ಹಿಡಿಸಿ ನಿಲ್ಲಿಸಿದವರ ಭಂಗಿ. ಕೊನೆಗೆ ಬೆಟ್ಟ ಪೂರ್ತಿಯಿರುವ ಒಂದನ್ನು ಆರಿಸಿ ಒಯ್ದಳು. ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಮಹದಾನಂದ. "ಅಂಕಲ್ ಮೊದ್ಲೇ ಜಾಗ ಬಿಟ್ಟು ತೆಗ್ದವ್ರೆ, ಮ್ಯಾಟರ್ ಅಲ್ಲೇ ಕೂರುಸ್ತೀನಿ!" ಕೂರಿಸಿದ. ಅವಳ ಕೈಯ ಕಾಗದದಲ್ಲಿ ಮೇಲೆ ಕನ್ನಡ, ಕೆಳಗೆ ತಮಿಳು, ಸುತ್ತ ಗುಲಾಬಿ ಬಳ್ಳಿ, ಊಟದ ಹೊತ್ತು 12.30.

ಬಂದವರೆಲ್ಲ ಬೆಟ್ಟದ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಅವಳು ರೇಷ್ಮೆ ಸೀರೆಯಲ್ಲಿ ಬಂದು, ಕನ್ನಡಕ ಏರಿಸಿ ತನ್ನನ್ನೇ ಮೇಲಿಂದ ಕೆಳಗೆ ನೋಡಿದಳು. ನಾನು ಪಕ್ಕದಲ್ಲಿ ಕಾಯುತ್ತಿದ್ದೆ.

"ಪ್ರಿಂಟು ಸರಿಯಿಲ್ಲ ಕಣ್ರೀ. ಕಾಗದ ಹಳದಿ ಹೊಡೀತಿದೆ."