ಕೈಗೆಟುಕದ ಚೀಲ

2018ರ ಸೆಪ್ಟೆಂಬರ್ 21. ದಕ್ಷಿಣ ಹಿಂದೂ ಮಹಾಸಾಗರದ ನಟ್ಟನಡುವೆ, ಆಸ್ಟ್ರೇಲಿಯಾದ ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲು ದೂರದಲ್ಲಿ, 32 ಅಡಿಯ ಹಾಯಿದೋಣಿಯೊಂದು ಬಿರುಗಾಳಿಗೆ ಸಿಕ್ಕಿ ಒದ್ದಾಡುತ್ತಿತ್ತು. ಗಂಟೆಗೆ 130 ಕಿ.ಮೀ. ವೇಗದ ಗಾಳಿ. 14 ಮೀಟರ್ ಎತ್ತರದ ಅಲೆ, ಅದರ ಬೆನ್ನಿಗೇ ಇನ್ನೊಂದು. ನೀರು ಎಲ್ಲಿ ಮುಗಿಯಿತು, ಮುಗಿಲು ಎಲ್ಲಿ ಶುರುವಾಯಿತು ಎಂದು ಗೊತ್ತಾಗದಷ್ಟು ನೊರೆ. ದೋಣಿಯಲ್ಲಿ ಇದ್ದವರು ಒಬ್ಬರೇ: ಭಾರತೀಯ ನೌಕಾಪಡೆಯ ಕಮಾಂಡರ್ ಅಭಿಲಾಷ್ ಟೋಮಿ.

ದೋಣಿ ವಾಲಿತು, ಎದ್ದಿತು. ಮತ್ತೆ ವಾಲಿದ್ದು ನಿಲ್ಲಲೇ ಇಲ್ಲ. ತಲೆಕೆಳಗಾಗಿ, ನೀರೊಳಗೇ ಪೂರ್ತಿ ಒಂದು ಸುತ್ತು ಹೊಡೆದು ಇನ್ನೊಂದು ಬದಿಯಿಂದ ಮೇಲೆ ಬಂತು. ಆ ಹೊತ್ತಿಗೆ ಟೋಮಿ ಹಾಯಿಕಂಬದ ಮೇಲೆ ನೇತಾಡುತ್ತಿದ್ದರು. ಕೈಗಡಿಯಾರದ ಪಟ್ಟಿ ಅಲ್ಲಿನ ಹಗ್ಗಕ್ಕೆ ಸಿಕ್ಕಿಕೊಂಡಿತ್ತು ಎಂದು ಅವರೇ ಆಮೇಲೆ ಹೇಳಿದ್ದಾರೆ. ಇಡೀ ಮೈಭಾರ ಒಂದು ಮಣಿಕಟ್ಟಿನ ಮೇಲೆ! ಪಟ್ಟಿ ಕಿತ್ತುಹೋಯಿತು. ಬಿದ್ದರು. ಬಿದ್ದ ರಭಸಕ್ಕೆ ಬೆನ್ನಿನಲ್ಲಿ ಏನೋ ಮುರಿಯಿತು. ಏಳಲು ನೋಡಿದರೆ ಕಾಲುಗಳು ಮಾತು ಕೇಳಲಿಲ್ಲ. ಹಾಯಿಕಂಬ ಮುರಿದು, ತಂತಿ ಹಗ್ಗಗಳ ಸಮೇತ ಪಕ್ಕಕ್ಕೆ ಜೋತುಬಿದ್ದಿತ್ತು. ತೆವಳಿಕೊಂಡು ಕ್ಯಾಬಿನ್ ಸೇರಿ ಬಂಕಿನ ಮೇಲೆ ಬಿದ್ದುಕೊಂಡರು.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಟೋಮಿ ಹೊರಟಿದ್ದು ಗೋಲ್ಡನ್ ಗ್ಲೋಬ್ ರೇಸ್‌ಗೆ. 1968-69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಮುಂಬಯಿಯಲ್ಲಿ ಕಟ್ಟಿದ ‘ಸುಹೈಲಿ’ ದೋಣಿಯಲ್ಲಿ ಎಲ್ಲೂ ನಿಲ್ಲದೆ, ಒಂಟಿಯಾಗಿ ಭೂಮಿ ಸುತ್ತಿ ಬಂದರಲ್ಲ, ಅದರ ಐವತ್ತನೇ ವರ್ಷದ ನೆನಪಿನ ಸ್ಪರ್ಧೆ ಇದು. ಟೋಮಿಯವರ ‘ತುರಿಯಾ’ ಗೋವಾದಲ್ಲಿ ಕಟ್ಟಿದ ಸುಹೈಲಿಯ ತದ್ರೂಪು. ನಿಯಮವೂ ಹಳೆಯ ಕಾಲದ್ದೇ: 1968ರಲ್ಲಿ ನಾವಿಕನ ಕೈಯಲ್ಲಿ ಏನಿತ್ತೋ ಅಷ್ಟೇ. ಸೂರ್ಯನ ಎತ್ತರ ಅಳೆಯಲು ಸೆಕ್ಸ್‌ಟೆಂಟ್, ಕಾಗದದ ನಕ್ಷೆ, ರೇಡಿಯೋ. ಹಾಡು ಬೇಕೆಂದರೆ ಕ್ಯಾಸೆಟ್. ಜಿಪಿಎಸ್ ಇರುತ್ತದೆ, ಆದರೆ ಮುದ್ರೆ ಹಾಕಿದ ಪೆಟ್ಟಿಗೆಯಲ್ಲಿ. ಮುದ್ರೆ ಒಡೆದರೆ ದಂಡ. ಹೀಗಿದ್ದೂ ಪ್ರತಿ ದೋಣಿಗೂ ಆಯೋಜಕರು ಉಪಗ್ರಹ ಟ್ರ್ಯಾಕರ್ ಕೂರಿಸಿದ್ದರು. ಅದು ಕಳಿಸುವ ಸ್ಥಾನವನ್ನು ಜಗತ್ತಿನ ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದಿತ್ತು. ಸೋಫಾದ ಮೇಲೆ ಕಾಫಿ ಕುಡಿಯುತ್ತಾ ಕೂತವರಿಗೆ ತುರಿಯಾ ಎಲ್ಲಿದೆ ಎಂದು ಕರಾರುವಾಕ್ಕಾಗಿ ಗೊತ್ತು. ಗೊತ್ತಿಲ್ಲದಿದ್ದದ್ದು, ಮೋಡ ಕವಿದು ಸೂರ್ಯ ಕಾಣದ ದಿನಗಳಲ್ಲಿ, ಅದನ್ನು ನಡೆಸುತ್ತಿದ್ದವರಿಗೆ.

ಆ ಟ್ರ್ಯಾಕರ್‌ನಲ್ಲಿ ಇನ್ನೊಂದು ಸೌಲಭ್ಯವಿತ್ತು: ಉಪಗ್ರಹದ ಮೂಲಕ ಪುಟ್ಟ ಪುಟ್ಟ ಸಂದೇಶ ಕಳಿಸಬಹುದು. ಮಲಗಿದಲ್ಲಿಂದಲೇ ಟೋಮಿ ಒತ್ತಿದರು. ದೋಣಿ ಮಗುಚಿತು, ಕಂಬ ಹೋಯಿತು, ಬೆನ್ನಿಗೆ ಭಾರೀ ಪೆಟ್ಟು, ಏಳಲಾಗುತ್ತಿಲ್ಲ. ಇಷ್ಟೇ. ತುರ್ತಿಗೆಂದು ಇಟ್ಟಿದ್ದ ಮುಖ್ಯ ಉಪಗ್ರಹ ಫೋನ್ ಕೆಟ್ಟಿತ್ತು. ಇನ್ನೊಂದು ಫೋನು, ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೋ, ಎಲ್ಲವೂ ತುರ್ತು ಚೀಲದಲ್ಲಿ ಭದ್ರವಾಗಿದ್ದವು. ದೋಣಿ ಬಿಟ್ಟು ಹಾರುವಾಗ ಹಿಡಿದುಕೊಂಡು ಹೋಗಲೆಂದೇ ಕಟ್ಟಿಟ್ಟ ಚೀಲ. ಚೀಲ ಅದೇ ದೋಣಿಯಲ್ಲೇ ಇತ್ತು, ಕೈಗೆ ಮಾತ್ರ ಎಟುಕುತ್ತಿರಲಿಲ್ಲ. ಕಾಲ್ಬೆರಳು ಅಲ್ಲಾಡಿಸಬಲ್ಲೆ, ಜೋಮು ಹಿಡಿದಿದೆ, ತಿನ್ನಲು ಕುಡಿಯಲು ಆಗುತ್ತಿಲ್ಲ, ಚೀಲ ಮುಟ್ಟುವುದು ಕಷ್ಟ, ಸ್ಟ್ರೆಚರ್ ಬೇಕಾಗಬಹುದು ಎಂದು ಬರೆದರು. ಹೇಗೋ ಐಸ್ ಟೀ ಡಬ್ಬಿಗಳನ್ನು ಎಳೆದುಕೊಂಡರು. ಕುಡಿದದ್ದೆಲ್ಲ ವಾಂತಿ. ಎದೆ ಉರಿ. ಸಾಗರದ ಮಧ್ಯದಿಂದ ಬರುತ್ತಿದ್ದುದು ನಾವು ವಾಟ್ಸ್ಆಪ್‌ನಲ್ಲಿ ಬರೆಯುವುದಕ್ಕಿಂತ ಚಿಕ್ಕ ಸಾಲುಗಳು.

ಅವರನ್ನು ಉಳಿಸಿದ್ದು ಈ ಸಂದೇಶಗಳು, ಜೊತೆಗೆ ಇಪರ್ಬ್ ಎಂಬ ಒಂದು ಬೀಕನ್. ಇದಕ್ಕೆ ಪರದೆಯಿಲ್ಲ, ಆಪ್ ಇಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ತನ್ನ ಗುರುತಿನ ಸಂಖ್ಯೆಯನ್ನು ಆಕಾಶಕ್ಕೆ ಕೂಗುತ್ತದೆ. ಕಾಸ್ಪಾಸ್-ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯ ಉಪಗ್ರಹಗಳು ಅದನ್ನು ಹಿಡಿದು ನೆಲಕ್ಕೆ ದಾಟಿಸುತ್ತವೆ. ಹತ್ತಿರ ಬಂದ ವಿಮಾನಕ್ಕೆ, ಹಡಗಿಗೆ ದಾರಿ ತೋರಲು 121.5 ಮೆಗಾಹರ್ಟ್ಸ್‌ನಲ್ಲಿ ಇನ್ನೊಂದು ಸಂಕೇತ. ಬ್ಯಾಟರಿ 48 ಗಂಟೆಯಾದರೂ ಬರಬೇಕು. ಈ ಜಾಲದಲ್ಲಿ ಭಾರತದ ನಿಯಂತ್ರಣ ಕೇಂದ್ರ ಇರುವುದು ಕಡಲ ತೀರದಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರಾಕ್‌ನಲ್ಲಿ. ಕಡಲು ಕಾಣದ ಊರು ಕಡಲಲ್ಲಿ ಕಳೆದುಹೋದವರ ಕೂಗು ಕೇಳಿಸಿಕೊಳ್ಳುತ್ತಾ ಕೂತಿದೆ ಎಂಬುದು ಬೆಂಗಳೂರಿಗರಿಗೇ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ.

ಕ್ಯಾನ್‌ಬೆರಾದ ರಕ್ಷಣಾ ಸಮನ್ವಯ ಕೇಂದ್ರ ಎದ್ದು ಕೂತಿತು. ಆಸ್ಟ್ರೇಲಿಯಾದ ವಿಮಾನ ಹಾರಿತು. ಭಾರತೀಯ ನೌಕಾಪಡೆಯ ಪಿ-8ಐ ವಿಮಾನ ಮಾರಿಷಸ್‌ನಿಂದ ಹೊರಟಿತು. ಅದೇ ಗಾಳಿಗೆ ಸಿಕ್ಕಿ ತಮ್ಮ ದೋಣಿಯ ಕಂಬವನ್ನೂ ಕಳೆದುಕೊಂಡಿದ್ದ ಐರ್ಲೆಂಡಿನ ಸ್ಪರ್ಧಿ ಗ್ರೆಗರ್ ಮೆಗಕಿನ್, ಮುರಿದ ಸಾಮಾನಿನಲ್ಲೇ ತಾತ್ಕಾಲಿಕ ಹಾಯಿ ಕಟ್ಟಿಕೊಂಡು ಟೋಮಿಯ ಕಡೆಗೆ ಕುಂಟುತ್ತಾ ಹೊರಟರು. ಸಹಾಯ ಕೇಳಬೇಕಾದವರೇ ಸಹಾಯಕ್ಕೆ ಹೊರಟದ್ದು! ಸೆಪ್ಟೆಂಬರ್ 23ರಂದು ನಮ್ಮ ವಿಮಾನದ ಕಣ್ಣಿಗೆ ತುರಿಯಾ ಬಿತ್ತು: ಬೋಳು ದೋಣಿ, ಪಕ್ಕಕ್ಕೆ ಜೋತುಬಿದ್ದ ಕಂಬ, ಒಂದೇ ಸಮನೆ ಹೊರಳಾಟ. ಮೇಲೆ ವಿಮಾನದ ಸದ್ದು ಕೇಳಿದಾಗ ಟೋಮಿ ಬೀಕನ್ ಮಿಡಿಸಿ, ಇದ್ದೇನೆ ಎಂದರು. ಮರುದಿನ ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗು ‘ಒಸಿರಿಸ್’ ಬಂತು. ರಬ್ಬರ್ ದೋಣಿ ಇಳಿಸಿ, ಸ್ಟ್ರೆಚರ್ ತಂದು, ಹೊತ್ತೊಯ್ದರು. ಮೆಗಕಿನ್‌ರನ್ನೂ ಅದೇ ಹಡಗು ಹತ್ತಿಸಿಕೊಂಡಿತು.

ಜಿಪಿಎಸ್ಸು, ಡಿಜಿಟಲ್ ನಕ್ಷೆ, ಹವಾಮಾನದ ಮುನ್ಸೂಚನೆ ಎಲ್ಲ ಕೈಯಲ್ಲಿದ್ದಿದ್ದರೆ ಈ ಪಾಡು ಬರುತ್ತಿರಲಿಲ್ಲ ಅಲ್ಲವೇ? ಗಾಳಿಯ ಮಟ್ಟಿಗೆ ಇರಬಹುದು. ಆದರೆ ಅದೇ ಹಿಂದೂ ಮಹಾಸಾಗರದಲ್ಲಿ, ನಾಲ್ಕು ವರ್ಷ ಮೊದಲು, ಎಲ್ಲವೂ ಇದ್ದ ದೋಣಿಯೊಂದಕ್ಕೆ ಏನಾಯಿತು ನೋಡಿ.

2014ರ ನವೆಂಬರ್ 29. ವೋಲ್ವೊ ಓಷನ್ ರೇಸ್‌ನ ‘ವೆಸ್ಟಾಸ್ ವಿಂಡ್’ ಕೇಪ್‌ಟೌನ್‌ನಿಂದ ಅಬುಧಾಬಿಗೆ ಓಡುತ್ತಿತ್ತು. ಒಂಬತ್ತು ಜನ, ಎಲ್ಲರೂ ಪಳಗಿದವರು; ಅತ್ಯಾಧುನಿಕ ದೋಣಿ, ಕಂಪ್ಯೂಟರಿನಲ್ಲಿ ಎಲೆಕ್ಟ್ರಾನಿಕ್ ನಕ್ಷೆ. ಆಗಷ್ಟೇ ಕತ್ತಲಾಗಿತ್ತು. 19 ನಾಟ್ ವೇಗ. ಮಾರಿಷಸ್‌ನಿಂದ 400 ಕಿ.ಮೀ.ಗೂ ಆಚೆ, ನಡುಗಡಲಲ್ಲಿ, ಧಡಾರ್! ದೋಣಿ ಗಿರ್ರನೆ ತಿರುಗಿ ಹವಳದ ದಿಬ್ಬದ ಮೇಲೆ ಕೂತಿತು. ಚುಕ್ಕಾಣಿಗಳು ಮುರಿದವು. ಪ್ರತಿ ಅಲೆಗೂ ಎತ್ತಿ ಎತ್ತಿ ಕುಕ್ಕುತ್ತಿತ್ತು. ಸುತ್ತ ಕಗ್ಗತ್ತಲೆ, ನೀರಿಗಿಳಿದರೆ ಹವಳದ ಅಲುಗು, ದೋಣಿಯಲ್ಲೇ ಕೂತರೆ ಅದೇ ಸೀಳಿಹೋಗುವ ಭಯ. ಪೈಪೋಟಿಗಿದ್ದ ‘ಆಲ್ವಿಮೆಡಿಕಾ’ ದಾರಿ ಬಿಟ್ಟು ಬಂದು ದೂರದಲ್ಲಿ ಕಾವಲು ನಿಂತಿತು. ನಡುರಾತ್ರಿ ಕಳೆದ ಮೇಲೆ ದೋಣಿ ಬಿಟ್ಟು, ಲೈಫ್ ರಾಫ್ಟ್‌ಗಳ ಸಮೇತ ದಿಬ್ಬದ ಒಳಬದಿಗೆ ಇಳಿದರು. ಬೆಳಗಾದ ಮೇಲೆ ಅಲ್ಲಿನ ಪುಟ್ಟ ದ್ವೀಪದ ಕರಾವಳಿ ಕಾವಲಿನವರ ದೋಣಿ ಬಂದು ಒಂಬತ್ತೂ ಜನರನ್ನು ಕರೆದೊಯ್ದಿತು.

ಕಾರ್ಗಾಡೋಸ್ ಕರಾಜೋಸ್ ಎಂಬ ಆ ಹವಳದ ಸಾಲು ಹತ್ತಾರು ಕಿ.ಮೀ. ಉದ್ದದ್ದು. ನಕ್ಷೆಯಲ್ಲಿ ಇರಲಿಲ್ಲವೇ? ಇತ್ತು, ಸ್ಪಷ್ಟವಾಗಿಯೇ ಇತ್ತು, ಹಿಗ್ಗಿಸಿ ನೋಡಿದರೆ. ಇಡೀ ಸಾಗರ ಒಂದೇ ಪರದೆಯಲ್ಲಿ ಕಾಣುವಂತೆ ಕುಗ್ಗಿಸಿದಾಗ ಡಿಜಿಟಲ್ ನಕ್ಷೆ ಗಜಿಬಿಜಿ ತಪ್ಪಿಸಲು ವಿವರಗಳನ್ನು ತಾನೇ ಬಚ್ಚಿಡುತ್ತದೆ. ಕುಗ್ಗಿಸಿದ ನಕ್ಷೆಯಲ್ಲಿ ಕಂಡದ್ದು ನಲವತ್ತು ಮೀಟರಿನಷ್ಟು ನೀರಿರುವ ದಿಬ್ಬ ಮಾತ್ರ. ದೋಣಿ ಆರಾಮಾಗಿ ದಾಟುವ ಆಳ. ಓಟ ಹೊರಡುವ ಹೊತ್ತಿಗೆ ನಿಷೇಧಿತ ವಲಯದ ಗಡಿ ಬದಲಾಗಿ ಈ ದಾರಿ ತೆರೆದಿತ್ತು, ಮರುಪರಿಶೀಲನೆಗೆ ಸಮಯ ಕಮ್ಮಿಯಿತ್ತು. ಕಾಗದದ ನಕ್ಷೆಗೆ ಈ ಜಾಣತನ ಗೊತ್ತಿಲ್ಲ. ಬಂಡೆ ಬರೆದಿದ್ದರೆ ಬರೆದಿದೆ, ಅಷ್ಟೆ.

ಮಲ್ಪೆಯಿಂದ ಆಚೆ ಬೋಟ್ ಬಿಡುವ ಹವ್ಯಾಸಿಗೂ, ಶರಾವತಿಯ ಹಿನ್ನೀರಿನಲ್ಲಿ ಕಯಾಕ್ ತಳ್ಳುವ ಟೆಕ್ಕಿಗೂ ಸಿಗುವುದು ಇದೇ ಜಾತಿಯ ನಕ್ಷೆ. ನ್ಯಾವಿಯೋನಿಕ್ಸ್‌ನಂಥ ಆಪ್‌ನಲ್ಲಿ ದಾರಿ ಎಳೆದರೆ ಆ ಗೆರೆಯ ಉದ್ದಕ್ಕೂ ಒಮ್ಮೆ ಬೆರಳಗಲಿಸಿ ಹಿಗ್ಗಿಸುತ್ತಾ ಹೋಗಬೇಕು. ಬೇಜಾರಿನ ಕೆಲಸ, ಮಾಡಲೇಬೇಕು. ಮೊಬೈಲಿನ ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ನಕ್ಷೆಗೆ ಬೇಕು. ದಡದಲ್ಲೇ ಇಳಿಸಿಕೊಳ್ಳದಿದ್ದರೆ ನೀಲಿ ಚುಕ್ಕೆ ಬಿಳಿ ಹಾಳೆಯ ಮೇಲೆ ಈಜಾಡುತ್ತದೆ. ವಿಂಡಿ ಆಪ್‌ನಲ್ಲಿ ಯುರೋಪಿನದೂ ಅಮೆರಿಕದ್ದೂ ಎರಡು ಮಾದರಿಗಳ ಗಾಳಿ ನೋಡಬಹುದು. ಎರಡೂ ಒಂದೇ ಮಾತಾಡಿದರೆ ಸರಿ, ಬೇರೆ ಬೇರೆ ಹೇಳಿದರೆ ಅವತ್ತು ದಕ್ಕೆಯಲ್ಲೇ ಚಹಾ ಕುಡಿಯುವುದು ವಾಸಿ. ಎತ್ತರದ ಅಲೆಯ ಎಚ್ಚರಿಕೆಗೆ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆಯ ‘ಸಮುದ್ರ’ ಆಪ್ ಇದೆ, ನಮ್ಮ ಕರಾವಳಿಗೆ ಅದರ ಮಾತು ಹೆಚ್ಚು ಲಾಗೂ. ಮರೀನ್ ಟ್ರಾಫಿಕ್‌ನಲ್ಲಿ ದೊಡ್ಡ ಹಡಗುಗಳು ಕಾಣುತ್ತವೆ, ಎದುರಿಗೆ ಬರುವ ನಾಡದೋಣಿ ಕಾಣುವುದಿಲ್ಲ. ತಾನಿರುವ ಜಾಗವನ್ನು ಸಾರುವ ಯಂತ್ರವೇ ಅದರಲ್ಲಿ ಇರುವುದಿಲ್ಲ. ಉಪ್ಪುನೀರು ಬಿದ್ದ ಮೊಬೈಲ್ ಪರದೆ ಬೆರಳಿನ ಮಾತು ಕೇಳುವುದಿಲ್ಲ ಎಂಬುದನ್ನು ಯಾವ ಆಪ್‌ನ ಜಾಹೀರಾತೂ ಹೇಳುವುದಿಲ್ಲ. ಉಪಗ್ರಹ ಫೋನು ಕೊಂಡುಬಿಡೋಣ ಎಂದರೆ, ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ಅಪರಾಧ. ಬೀಕನ್, ತುರ್ತು ಕರೆಯ ಚಾನೆಲ್ 16 ಹಿಡಿಯುವ ವಿಎಚ್‌ಎಫ್ ರೇಡಿಯೋ, ಕೋಸ್ಟ್ ಗಾರ್ಡ್‌ನ 1554 ಸಂಖ್ಯೆ: ನನ್ನನ್ನು ಕೇಳಿದರೆ ಮೊದಲ ದುಡ್ಡು, ಮೊದಲ ನೆನಪು ಇವಕ್ಕೆ. ಅದೂ ಚೀಲದಲ್ಲಲ್ಲ, ಲೈಫ್ ಜಾಕೆಟ್ಟಿಗೇ ಕಟ್ಟಿಕೊಂಡು.

2022ರಲ್ಲಿ ಗೋಲ್ಡನ್ ಗ್ಲೋಬ್ ಮತ್ತೆ ಹೊರಟಿತು. ಬೆನ್ನಿಗೆ ಟೈಟೇನಿಯಂ ಸರಳು ಹಾಕಿಸಿಕೊಂಡಿದ್ದ ಟೋಮಿ, ‘ಬಯಾನತ್’ ಎಂಬ ದೋಣಿಯಲ್ಲಿ ಮತ್ತೆ ಅದೇ ಸಾಗರಕ್ಕೆ ಇಳಿದರು. ನವೆಂಬರ್ 18ರ ಬೆಳಿಗ್ಗೆ, ದಕ್ಷಿಣ ಆಫ್ರಿಕಾದ ಆಗ್ನೇಯಕ್ಕೆ, ಫಿನ್ಲೆಂಡಿನ ತಾಪಿಯೊ ಲೆಹ್ಟಿನೆನ್ ಅವರ ದೋಣಿಗೆ ಹಿಂಬದಿಯಿಂದ ನೀರು ನುಗ್ಗಿತು. ಐದೇ ನಿಮಿಷ! ಲೈಫ್ ರಾಫ್ಟ್‌ಗೆ ದಾಟುವುದಕ್ಕೆ ಅಷ್ಟೇ ಪುರಸೊತ್ತು, ದೋಣಿ ಮುಳುಗಿತು. ಬೀಕನ್ ಕೂಗಿತು. ಟೋಮಿಯೂ, ದಕ್ಷಿಣ ಆಫ್ರಿಕಾದ ಕರ್ಸ್ಟನ್ ನ್ಯೂಶೇಫರ್ ಅವರೂ ದೋಣಿ ತಿರುಗಿಸಿದರು. ಹತ್ತಿರವಿದ್ದ ಕರ್ಸ್ಟನ್‌ಗೆ ಆಯೋಜಕರು ಜಿಪಿಎಸ್ ಪೆಟ್ಟಿಗೆಯ ಮುದ್ರೆ ಒಡೆಯಲು ಒಪ್ಪಿಗೆ ಕೊಟ್ಟರು. ಸೆಕ್ಸ್‌ಟೆಂಟ್ ಹಿಡಿದು, ಅಲೆಗಳ ನಡುವೆ ಎದ್ದು ಮುಳುಗುವ ಒಂದು ರಾಫ್ಟ್ ಹುಡುಕುವುದು ಆಗದ ಮಾತು. ರಾತ್ರಿಯಿಡೀ ಓಡಿ, ಮರುದಿನ ರಾಫ್ಟ್ ಮುಟ್ಟಿ, ತಾಪಿಯೊರನ್ನು ಮೇಲೆಳೆದು, ಒಂದು ಲೋಟ ರಮ್ ಕುಡಿಸಿ, ‘ದರಿಯಾ ಗಾಯತ್ರಿ’ ಎಂಬ ಸರಕು ಹಡಗಿಗೆ ಹತ್ತಿಸಿ ಆಕೆ ರೇಸಿಗೆ ಮರಳಿದರು. ಮುದ್ರೆ ಒಡೆದದ್ದಕ್ಕೆ ದಂಡ ಬೀಳಲಿಲ್ಲ. 2023ರ ಏಪ್ರಿಲ್ 27ರಂದು ಫ್ರಾನ್ಸಿನ ಲೆ ಸಾಬ್ಲ್ ದೊಲೋನ್ ಬಂದರಿಗೆ ಕರ್ಸ್ಟನ್ ಮೊದಲಿಗರಾಗಿ ಬಂದರು. ಎರಡು ದಿನ ಬಿಟ್ಟು, ಎರಡನೆಯವರಾಗಿ, ಟೋಮಿ.