ಚರ್ಚಿನ ಬಾಗಿಲಿಂದ 140 ಹೆಜ್ಜೆ

ಹಾಸನ ಜಿಲ್ಲೆಯಲ್ಲಿ ಸ್ಟ್ರಿಂಗರ್ ಆಗಿರುವ ನಮ್ಮಂಥವರಿಗೆ ಮಳೆಗಾಲದ ಒಂದು ಸುದ್ದಿ ಖಾಯಂ. ಗೊರೂರು ಡ್ಯಾಮಿಗೆ ನೀರು ಬರುತ್ತೆ, ಹಿನ್ನೀರಲ್ಲಿ ಶೆಟ್ಟಿಹಳ್ಳಿಯ ಹಳೇ ಚರ್ಚು ಅರ್ಧ ಮುಳುಗುತ್ತೆ. ನಾವು ಒಂದು ಫೋಟೊ ತೆಗೆದು 'ಮುಳುಗುವ ಚರ್ಚ್ ನೋಡಲು ಪ್ರವಾಸಿಗರ ದಂಡು' ಅಂತ ಕಳಿಸುತ್ತೇವೆ. ಏಳು ವರ್ಷದಲ್ಲಿ ಏಳು ಸಲ ಕಳಿಸಿದ್ದೇವೆ. ಹೋದ ವರ್ಷದ ಸುದ್ದಿಯ ಮೂರನೇ ಪ್ಯಾರಾ ಅದರ ಹಿಂದಿನ ವರ್ಷದ್ದೇ. ಡೆಸ್ಕಿನವರು ಇನ್ನೂ ಕಂಡುಹಿಡಿದಿಲ್ಲ.

ಆ ಏಳರಲ್ಲಿ ಒಂದರಲ್ಲೂ ನಾವು ಬರೆಯದೆ ಬಿಟ್ಟ ಮಾತು ಒಂದಿದೆ. ಅದು ನಮ್ಮೂರು.

ಈಗ ನಾವಿರೋದು ಮೊಸಳೆಯಲ್ಲಿ. ಹೊಯ್ಸಳರ ಕಾಲದ ನಾಗೇಶ್ವರ, ಚೆನ್ನಕೇಶವ ಅವಳಿ ಗುಡಿ ನೋಡೋಕೆ ಬಂದವರು ದಾರಿ ಕೇಳಿದರೆ ಕಣ್ಣುಮುಚ್ಚಿ ಹೇಳುತ್ತೇವೆ. ಆದರೆ ಅಪ್ಪ ಹುಟ್ಟಿದ್ದು ಹೇಮಾವತಿ ದಂಡೆಯಲ್ಲಿ. ಡ್ಯಾಮು ಬರುತ್ತೆ ಅಂದಾಗ ತಾತ ಪರಿಹಾರದ ದುಡ್ಡು ತಗೊಂಡು, ನೀರಿಗಿಂತ ಮುಂಚೆ ಊರು ಬಿಟ್ಟು, ಈ ಕಡೆ ಎರಡು ಎಕರೆ ಮಾಡಿದರು. ಅಪ್ಪ ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದರು. ಆಮೇಲೆ ಒಂದು ಸಲವೂ ಅಲ್ಲಿಗೆ ಹೋಗಲಿಲ್ಲ. ಇಲ್ಲಿಂದ ಒಂದು ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರಬಹುದಾದ ಜಾಗ. ಯಾಕೆ ಹೋಗಲ್ಲ ಅಂದರೆ, "ನೋಡಿ ಏನ್ಮಾಡೋದು, ನೀರು ತಾನೆ" ಅನ್ನೋರು.

ನಮ್ಮ ಸುದ್ದಿ ಮಾತ್ರ ಪ್ರತಿ ಸಲ ಓದೋರು. ಓದಿ ಪೇಪರು ಮಡಚಿಡೋರು. ಹೋದ ವರ್ಷ ಮಾತ್ರ ಒಂದು ಮಾತು ಹೇಳಿದರು: "ಚೆನ್ನಾಗದೆ. ಆದ್ರೆ ಓದ್ದೋರಿಗೆ ಅಲ್ಲಿ ಯಾರೂ ಇರ್ಲಿಲ್ವೇನೋ ಅನ್ಸುತ್ತೆ."

ಅಪ್ಪ ಉಪದೇಶಿ. ಸಂಬಳದ ಕೆಲಸ ಅಲ್ಲ. ಸುತ್ತಲ ಹಳ್ಳಿಗಳಲ್ಲಿ ಚದುರಿ ಹೋಗಿರುವ ನಮ್ಮ ಹತ್ತು ಹನ್ನೆರಡು ಮನೆಗಳ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ನಮ್ಮ ಅಂಗಳದಲ್ಲಿ ಕೂರಿಸಿ ಜಪ, ಹಾಡು, ಬೈಬಲ್ ಕತೆ ಹೇಳಿಕೊಡೋದು, ಸಾಯಂಕಾಲ ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ ಮಾಡೋದು. ಮೊದಲೆಲ್ಲ ಪಕ್ಕದ ಮನೆ ಮಕ್ಕಳೂ ಹಾಡಿನ ಆಸೆಗೆ ಬಂದು ಕೂರುತ್ತಿದ್ದವು. 2022ರಲ್ಲಿ ಮತಾಂತರದ ಕಾಯ್ದೆ ಬಂದಮೇಲೆ ಅಪ್ಪ ಅದನ್ನು ನಿಲ್ಲಿಸಿದರು. ಊರಲ್ಲಿ ಯಾರೂ ಏನೂ ಅಂದಿರಲಿಲ್ಲ. ಅನ್ನೋಕೆ ಮುಂಚೆ ಅಪ್ಪನೇ ಗೆರೆ ಎಳೆದುಕೊಂಡರು. ಈಗ ಆ ಮಕ್ಕಳಿಗೆ ಪಾಠ ಮುಗಿದ ಮೇಲೆ ಪಾನಕಕ್ಕೆ ಮಾತ್ರ ಕರೆ. ಅವು ಕಾಂಪೌಂಡ್ ಆಚೆ ನಿಂತು ಹಾಡು ಕಲಿಯುತ್ತವೆ, ನಮ್ಮ ಮಕ್ಕಳಿಗಿಂತ ಚೆನ್ನಾಗೇ ಹಾಡುತ್ತವೆ.

ಈ ಬೇಸಿಗೆ ಎರಡು ಬದಲಾವಣೆ ಒಟ್ಟಿಗೇ ಬಂದವು. ಅಪ್ಪನಿಗೆ ಕಿವಿ ಮಂದವಾಗಿದೆ ಅನ್ನೋದು ಮೊದಲು ಗೊತ್ತಾಗಿದ್ದು ನಮಗಲ್ಲ, ಮಕ್ಕಳಿಗೆ. ಜಪದಲ್ಲಿ ಅರ್ಧ ನುಂಗಿದರೂ ತಾತ ತಲೆ ಆಡಿಸುತ್ತಾರೆ ಅಂತ ಅವು ಕಂಡುಕೊಂಡಿದ್ದವು. ಒಂದು ದಿನ ಪೂರ್ತಿ ಒಂದು ಜಪವನ್ನೇ ಹಾರಿಸಿ ನಗುತ್ತಿದ್ದಾಗ ತಂಗಿ ಕೇಳಿಸಿಕೊಂಡಳು. ಮಾರನೇ ದಿನದಿಂದ ಪಾಠ ಅವಳೇ ಮಾಡಿದಳು. ಅಪ್ಪನಿಗೆ ಕತೆ ಹೇಳುವ ಕೆಲಸ ಮಾತ್ರ ಉಳಿಯಿತು. ಅವರು ಏನೂ ಅನ್ನಲಿಲ್ಲ, ಸೀಮೆಸುಣ್ಣದ ಡಬ್ಬಿ ತಂದು ಅವಳ ಪಕ್ಕ ಇಟ್ಟರು. ನಲವತ್ತು ವರ್ಷ ಅದನ್ನು ಯಾರ ಕೈಗೂ ಕೊಟ್ಟವರಲ್ಲ.

ಇನ್ನೊಂದು, ತಂಗಿಯದು. ಅವಳು ನರ್ಸು. ಎರಡು ವರ್ಷ ರಾತ್ರಿ ಪಾಳಿ ಮುಗಿಸಿ ಬಂದು ಜರ್ಮನ್ ಭಾಷೆ ಉರು ಹೊಡೆದು ಬಿ ಟೂ ಪರೀಕ್ಷೆ ಪಾಸು ಮಾಡಿದ್ದಳು. ಜೂನ್ ಮೊದಲ ವಾರಕ್ಕೆ ಟಿಕೆಟ್ಟು. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದಳು: "ಅಪ್ಪ, ಅಲ್ಲಿ ಯಾರಾದ್ರೂ ನಿಮ್ಮೂರು ಯಾವ್ದು ಅಂದ್ರೆ ಏನ್ ಹೇಳ್ಲಿ?"

ಅಪ್ಪ ಮುದ್ದೆ ಮುರಿಯೋದು ನಿಲ್ಲಿಸಿ, "ಮಕ್ಕಳ ಪಾಠ ಮುಗಿದ ದಿನ ಎಲ್ಲಾರೂ ಒಟ್ಟಿಗೆ ನಡಕೊಂಡು ಹೋಗ್ಬರಾಣ" ಅಂದರು. ಬಸ್ಸಲ್ಲಿ ಹೋಗೋಣ ಅಂದಿದ್ದಕ್ಕೆ, ಅರ್ಧ ದಾರಿ ಬಸ್ಸಿಗೆ ಒಪ್ಪಿದರು.

ಮೇ ತಿಂಗಳಲ್ಲಿ ಹಿನ್ನೀರು ಹಿಂದಕ್ಕೆ ಸರಿದಿರುತ್ತೆ. ಹದಿನಾಲ್ಕು ಮಕ್ಕಳು, ನಾವು, ತಂಗಿ, ಕೋಲು ಹಿಡಿದ ಅಪ್ಪ. ಟಾರು ರಸ್ತೆ ಬಿಟ್ಟು ನೀರು ಇಳಿದ ಬಯಲಿಗೆ ಇಳಿದೆವು. ಕಾಲಿನ ಕೆಳಗೆ ಗೋಡು ಮಣ್ಣು ಒಣಗಿ ಹಪ್ಪಳದ ಹಾಗೆ ಬಿರಿದಿತ್ತು. ದೂರದಲ್ಲಿ ದನ ಮೇಯುತ್ತಿದ್ದವು, ಅವುಗಳ ಹಿಂದೆ ಬೆಳ್ಳಕ್ಕಿ. ಬಿಸಿಲಿಗೆ ಮಕ್ಕಳು ಗೊಣಗಲು ಶುರು ಮಾಡಿದಾಗ ಅಪ್ಪ ದೊಡ್ಡ ಸ್ವಾಮಿಯೋರ ಕತೆ ತೆಗೆದರು.

ದೊಡ್ಡ ಸ್ವಾಮಿಯೋರು ಅಂದರೆ ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ದಿಕ್ಕಾಪಾಲಾಗಿದ್ದ ಕ್ರೈಸ್ತರನ್ನು ಸೇರಿಸಿ ಬೇಸಾಯಕ್ಕೆ ಹಚ್ಚಿದವರು. ಪೇಟ ಸುತ್ತಿ, ನಮ್ಮವರ ಹಾಗೇ ಉಡುತ್ತಿದ್ದರು. ಸಿಡುಬಿಗೆ ಹೊಸದಾಗಿ ಬಂದಿದ್ದ ಲಸಿಕೆಯನ್ನು ಹಳ್ಳಿ ಹಳ್ಳಿಗೆ ಹೋಗಿ ಹಾಕಿಸಿದರು. 1823ರಲ್ಲಿ ವಾಪಸ್ ಹೋದರು. "ಸೂಜಿ ಚುಚ್ಚಿಸ್ಕೊಳಕ್ಕೆ ಜನ ಓಡೋಗ್ತಿದ್ರಂತೆ, ನಿಮ್ ಹಂಗೇ" ಅಂದರು ಅಪ್ಪ. ಮಕ್ಕಳು ನಕ್ಕವು, ನಡೆದವು.

ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಚರ್ಚನ್ನು ಕಟ್ಟಿದ್ದು ದುಬಾಯ್ ಅಲ್ಲ, ಅವರ ನಂತರದ ಫ್ರೆಂಚ್ ಪಾದ್ರಿಗಳು, 1860ರ ದಶಕದಲ್ಲಿ. ಡ್ಯಾಮು ಮುಗಿದದ್ದು 1979ರಲ್ಲಿ. ಆವತ್ತಿಂದ ಪ್ರತಿ ವರ್ಷ ನೀರಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ಚಾವಣಿ ಹೋಗಿ, ಕಮಾನುಗಳು ಇನ್ನೂ ನಿಂತಿವೆ. ಗೋಡೆಯಲ್ಲಿ ನೀರಿನ ಗೆರೆ ನಮ್ಮ ತಲೆಗಿಂತ ಎಷ್ಟೋ ಮೇಲಿತ್ತು.

ನಾವು ಹೋದಾಗ ಅಲ್ಲಿ ಮದುವೆಗೆ ಮುಂಚಿನ ಫೋಟೊ ಶೂಟು ನಡೆಯುತ್ತಿತ್ತು. ಕೆಂಪು ಗೌನಿನ ಹುಡುಗಿ, ಡ್ರೋನು, ಹೊಗೆ ಬಿಡುವ ಡಬ್ಬಿ. ಅಪ್ಪ ಚಪ್ಪಲಿ ಬಿಟ್ಟು, ಬಾಗಿಲಿದ್ದ ಜಾಗದಲ್ಲಿ ಶಿಲುಬೆ ಗುರುತು ಹಾಕಿಕೊಂಡು ನಿಂತಿದ್ದರು. ಕ್ಯಾಮೆರಾದ ಹುಡುಗ ಮರ್ಯಾದೆಯಿಂದಲೇ ಹೇಳಿದ: "ತಾತ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಫ್ರೇಮಿಗೆ ಬರ್ತಿದೀರ."

ಅಪ್ಪನಿಗೆ ಕೇಳಿಸಲಿಲ್ಲ. ನಾವೇ ಹೋಗಿ ಕೈ ಹಿಡಿದು ಪಕ್ಕಕ್ಕೆ ಕರೆತಂದೆವು. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ನಮಗೆ ಬಾಯಿರಲಿಲ್ಲ. ಏಳು ವರ್ಷದಿಂದ ನಾವು ಮಾಡಿದ್ದೂ ಅದನ್ನೇ.

ಅವರ ಶೂಟು ಮುಗಿದ ಮೇಲೆ ಅಪ್ಪ ಬಾಗಿಲಿಂದ ಹೆಜ್ಜೆ ಎಣಿಸಲು ಶುರು ಮಾಡಿದರು. ಹುಡುಗರಾಗಿದ್ದಾಗ ಪೀಠದ ಸೇವೆ ಅವರದಂತೆ. ಬೆಳಗಿನ ಪೂಜೆಗೆ ಕತ್ತಲಲ್ಲಿ ಬರಬೇಕು, ನಾಯಿ ಭಯ, ಅದಕ್ಕೆ ಎಣಿಸುತ್ತಾ ಬರೋದು. ಮನೆಗೂ ಬಾಗಿಲಿಗೂ 140. ಈಗ ಎಣಿಸಿ ನಿಂತ ಜಾಗದಲ್ಲಿ ಮಣ್ಣು ಬಿಟ್ಟು ಏನೂ ಇಲ್ಲ. ಇನ್ನೊಂದು ದಿಕ್ಕು ಹಿಡಿದು ಎಣಿಸಿದರು. ಅಲ್ಲೂ ಇಲ್ಲ. ಮೂರನೇ ಸಲಕ್ಕೆ ಉಸಿರು ಕಟ್ಟುತ್ತಿತ್ತು.

ನಮ್ಮ ಮಗಳು, ಐದನೇ ಕ್ಲಾಸು, ಅವರ ಕಿವಿ ಹತ್ತಿರ ಹೋಗಿ ಕೂಗಿದಳು: "ತಾತ, ಆವಾಗ ನೀವು ಸಣ್ಣೋರು. ನಿಮ್ ಹೆಜ್ಜೆ ಚಿಕ್ದು. ನಾನ್ ಎಣಿಸ್ತೀನಿ ಇರಿ."

ಅವಳು ನಡೆದಳು, ಹಿಂದೆ ಹದಿಮೂರು ಮಕ್ಕಳು ಗಟ್ಟಿಯಾಗಿ ಎಣಿಸಿದವು. 140ಕ್ಕೆ ನಿಂತ ಜಾಗ ಅಪ್ಪ ನಿಂತಿದ್ದಕ್ಕಿಂತ ತುಂಬ ಈಚೆಗಿತ್ತು. ಅಲ್ಲಿ ಸಾಲಾಗಿ ನಾಲ್ಕು ಕಲ್ಲು, ಒಡೆದ ಹೆಂಚು. ಪಾಯ ಇರಬಹುದು. ಯಾರ ಮನೆಯದೂ ಆಗಿರಬಹುದು. ಅಪ್ಪ ಕೋಲಲ್ಲಿ ಕಲ್ಲು ತಟ್ಟಿ, "ಇಲ್ಲೇ ಇರ್ಬೇಕು" ಅಂದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಇರ್ಬೇಕು".

ತಂಗಿ ಅಲ್ಲೇ ಕೂತು ಜಪಸರ ಶುರು ಮಾಡಿದಳು. ಆವತ್ತು ಒಂದು ಮಗುವೂ ಜಪ ನುಂಗಲಿಲ್ಲ. ವಾಪಸ್ ಬರುವಾಗ, ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಒಬ್ಬ ಕೇಳಿದ. ಮಂಡ್ಯ, ತುಮಕೂರು ಕಡೆಗೂ ಹೋಗುತ್ತೆ ಅಂದೆವು. "ಕುಡೀಲಿ ಬಿಡು" ಅಂದರು ಅಪ್ಪ. ಅದು ಅವರಿಗೆ ಹೇಗೆ ಕೇಳಿಸಿತೋ.

ತಂಗಿ ಜೂನಲ್ಲಿ ಹೋದಳು. ಅವಳ ಬ್ಯಾಗಿನಲ್ಲಿ ಬಟ್ಟೆ ನಡುವೆ ಒಂದು ಹೆಂಚಿನ ಚೂರು ಇತ್ತು. ಅಪ್ಪ ಕೊಟ್ಟಿದ್ದಲ್ಲ, ಅವಳೇ ಎತ್ತಿಕೊಂಡಿದ್ದು.

ಮಳೆ ಹಿಡಿದ ಮೇಲೆ ಡೆಸ್ಕಿನಿಂದ ಫೋನು ಬಂತು, ಮುಳುಗುವ ಚರ್ಚಿನ ಸುದ್ದಿ ಎಲ್ಲಿ ಅಂತ. ಈ ಸಲ ಹೆಜ್ಜೆಯ ಸಂಗತಿ ಸೇರಿಸಿ ಆರು ಸಾಲು ಹೆಚ್ಚಿಗೆ ಬರೆದು ಕಳಿಸಿದೆವು. ಫೋಟೊ ದೊಡ್ಡದಾಗಿ ಬಂತು. ಆರು ಸಾಲು ಬರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇವೆ.

ಈಗ ದಿನಾ ಬೆಳಿಗ್ಗೆ ಅಪ್ಪ ಡ್ಯಾಮಿನ ಮಟ್ಟ ಕೇಳುತ್ತಾರೆ. 2922 ಅಡಿ ಆದರೆ ಭರ್ತಿ ಅಂತ ಅವರಿಗೆ ಗೊತ್ತು. ಮೊದಲು ಯಾವತ್ತೂ ಕೇಳಿದವರಲ್ಲ. ಭಾನುವಾರ ತಂಗಿ ವಿಡಿಯೊ ಕಾಲ್ ಮಾಡಿದರೆ ಅವಳದೂ ಅದೇ ಮೊದಲ ಪ್ರಶ್ನೆ. ಅಪ್ಪ ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ, ಅವಳಿಗೆ ಅವರ ಕೆನ್ನೆ ಮಾತ್ರ ಕಾಣುತ್ತೆ. "ಕಲ್ಲಿನ ಮೇಲೆ ಬಂದದೆ ಮಗ" ಅಂತ ಕೂಗುತ್ತಾರೆ. "ಇನ್ನೂ ಬಾಗ್ಲಿಗೆ ಬಂದಿಲ್ಲ."